ಪದ್ಮಿನಿಗೆ ಪ್ಯಾಚ್ ಪೇಂಟ್: ಗೆರೆ ಕಾಣಬಾರದು ಅಂದರೆ

ಹಳೇ ಪದ್ಮಿನಿ, ಅಂಬಾಸಿಡರ್ ಕಾರು ಇಟ್ಟುಕೊಂಡವರಿಗೆ ಒಂದು ಸಲಹೆ. ಮಡ್‌ಗಾರ್ಡ್‌ನಲ್ಲಿ ಅಂಗೈ ಅಗಲ ತುಕ್ಕು ತೆಗೆಸಿ ಪೇಂಟ್ ಹೊಡೆಸಿದರೆ, ಅಷ್ಟು ಜಾಗ ಮಾತ್ರ ಸ್ಟಿಕ್ಕರ್ ಅಂಟಿಸಿದ ಹಾಗೆ ಎದ್ದು ಕಾಣುತ್ತದೆ, ಅಲ್ವಾ? ನನ್ನ ಕ್ರೀಮ್ ಬಣ್ಣದ ಪದ್ಮಿನಿಗೂ ಮೊದಲ ಸಲ ಹಾಗೇ ಆಗಿತ್ತು. ಡಬ್ಬಿಯ ಬಣ್ಣ ಸರಿಯಾಗೇ ಇತ್ತು. ಬಿಸಿಲಿಗೆ ಮಾಸಿದ್ದು ಗಾಡಿಯ ಬಣ್ಣ.

ಅದಕ್ಕೇ ಮೊದಲು ಅಕ್ಕಪಕ್ಕದ ಹಳೇ ಪೇಂಟನ್ನು ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ. ಆಮೇಲೆ ಕಾಣುವ ಬಣ್ಣಕ್ಕೆ ಮ್ಯಾಚ್ ಮಾಡಿಸಿ. ರಟ್ಟಿನ ಮೇಲೆ ಹೊಡೆದು, ಒಣಗಿಸಿ, ಹಗಲು ಬೆಳಕಲ್ಲಿ ಗಾಡಿ ಪಕ್ಕ ಹಿಡಿದು ನೋಡಿ. ಒದ್ದೆ ಬಣ್ಣವನ್ನೂ ಟ್ಯೂಬ್‌ಲೈಟನ್ನೂ ನಂಬಬೇಡಿ.

ನಿಜವಾದ ಕೆಲಸ ಇರುವುದು ಅಂಚಿನಲ್ಲಿ. ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳ ಪದರ) ಸುತ್ತ ಟೇಪ್ ಹಾಕಿ ಹೊಡೆದರೆ ಗೆರೆ ಗ್ಯಾರಂಟಿ. ಮೊದಲ ಕೋಟ್ ಪ್ರೈಮರ್ ಮುಚ್ಚುವಷ್ಟೇ ಇರಲಿ. ಎರಡನೆಯದು ನಾಲ್ಕು ಬೆರಳು ಆಚೆಗೆ, ಮೂರನೆಯದು ಇನ್ನೂ ಸ್ವಲ್ಪ ಆಚೆಗೆ. ಪ್ರತಿ ಸಲ ಅಂಚಿಗೆ ಬರುವಾಗ ಮಣಿಕಟ್ಟು ತಿರುಗಿಸಿ ಸ್ಪ್ರೇ ಗನ್ ಮೇಲೆತ್ತಿ, ರಂಗೋಲಿ ಎಳೆ ತೆಳುವಾಗುತ್ತಾ ಮುಗಿದ ಹಾಗೆ. ಬಣ್ಣ ಹರಡುವ ಜಾಗವನ್ನು ಮೊದಲೇ 1000 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿ ಮಂಕು ಮಾಡಿರಬೇಕು. ಬಣ್ಣದ ಮೇಲೆ ಕ್ಲಿಯರ್ (ಪಾರದರ್ಶಕ ಹೊಳಪಿನ ಕೋಟ್) ಹಾಕುವುದಾದರೆ ಅರ್ಧಕ್ಕೆ ನಿಲ್ಲಿಸಬೇಡಿ, ಪ್ಯಾನೆಲ್ ಪೂರ್ತಿ ಹೊಡೆಯಿರಿ.

ಇನ್ನೊಂದು, ಕಾಣದ ಮೂಲೆಯಲ್ಲಿ ತಿನ್ನರ್ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ತಿನ್ನರ್‌ಗೆ ಮತ್ತೆ ಕರಗುವ ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಇರಬಹುದು. ಅದರ ಮೇಲೆ ಜಾಸ್ತಿ ಒದ್ದೆಯಾಗಿ ಹೊಡೆಯಬೇಡಿ. ಮಳೆ ದಿನ ಎನ್‌ಸಿ ಮುಟ್ಟಲೇಬೇಡಿ, ಗಾಳಿಯ ತೇವಕ್ಕೆ ಬಣ್ಣ ಬೆಳ್ಳಗೆ ಮಂಜು ಕಟ್ಟುತ್ತದೆ.