ಸೊಟ್ಟಗೆ ಕೂತಿದ್ದ ಬಾನೆಟ್, ಮನೆಯಲ್ಲೇ ಸರಿ ಮಾಡಿದ್ದು

ಹೋದ ತಿಂಗಳು ಕಾರಿನ ಬಾನೆಟ್‌ಗೆ ಬಣ್ಣ ಹೊಡೆಸಿದೆ. ಬಣ್ಣ ಚೆನ್ನಾಗಿತ್ತು, ಆದರೆ ಎಡಗಡೆ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಪಕ್ಕದ ಸಂದಿಯಲ್ಲಿ ಕಿರುಬೆರಳ ತುದಿ ಹೋಗುತ್ತಿತ್ತು, ಬಲಗಡೆ ಕಾಗದವೂ ತೂರುತ್ತಿರಲಿಲ್ಲ. ಮತ್ತೆ ಗ್ಯಾರೇಜ್‌ಗೆ ಅಲೆಯೋದು ಬೇಜಾರು ಅಂತ ಭಾನುವಾರ ನಾನೇ ಸ್ಪ್ಯಾನರ್ ಹಿಡಿದೆ.

ಮೊದಲು ಬಾನೆಟ್ ತೆರೆಯುವ ಕೀಲು, ಅಂದರೆ ಹಿಂಜ್‌ನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದೆ. ಇದನ್ನು ಬಿಡಲೇಬೇಡಿ, ಕೆಟ್ಟರೆ ಹಳೇ ಜಾಗಕ್ಕೆ ವಾಪಸ್ ಬರೋಕೆ ಇದೊಂದೇ ದಾರಿ. ಬಣ್ಣ ಕೆರೆಯದಂತೆ ಫೆಂಡರ್ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಆಮೇಲೆ ಎರಡೂ ಕಡೆಯ ಹಿಂಜ್ ಬೋಲ್ಟ್ ಸ್ವಲ್ಪವೇ ಸಡಿಲ ಮಾಡಿ, ಪೂರ್ತಿ ಬಿಚ್ಚದೆ, ತಮ್ಮನನ್ನು ಆ ಕಡೆ ನಿಲ್ಲಿಸಿಕೊಂಡು ಬಾನೆಟ್ಟನ್ನು ಎಡಕ್ಕೆ ಕೂದಲೆಳೆಯಷ್ಟು ಜರುಗಿಸಿದೆ. ಬಿಗಿ ಮಾಡು, ಮುಚ್ಚು, ನೋಡು. ಮತ್ತೆ ತೆಗಿ. ನಾಲ್ಕು ಸಲ ಆಯ್ತು! ಅಳತೆಗೆ ಹಳೇ ಎಟಿಎಂ ಕಾರ್ಡ್‌ಗಳು ಸಾಕು, ಒಂದರ ದಪ್ಪ 0.76 ಮಿ.ಮೀ., ಐದು ಜೋಡಿಸಿದರೆ ಹೆಚ್ಚುಕಡಿಮೆ 4 ಮಿ.ಮೀ. ಎರಡೂ ಕಡೆ ಅಷ್ಟೇ ದಪ್ಪ ತೂರಿದರೆ ಸಾಕಲ್ವಾ.

ಆದರೂ ಮುಂದಿನ ಬಲ ಮೂಲೆ ಎತ್ತರವಾಗಿಯೇ ಇತ್ತು. ಅದಕ್ಕೆ ಹಿಂಜ್ ಕಾರಣ ಅಲ್ಲ, ಮುಚ್ಚಿದಾಗ ಬಾನೆಟ್ ಕೂರುವ, ಮುಂದೆ ಇರುವ ರಬ್ಬರ್ ಗುಂಡಿ. ಸುಮ್ನೆ ಕೈಯಲ್ಲೇ ಎರಡು ಸುತ್ತು ಒಳಕ್ಕೆ ತಿರುಗಿಸಿದೆ, ಫೆಂಡರ್ ಮಟ್ಟಕ್ಕೆ ಇಳಿಯಿತು. ಲಾಕ್ ಮುಟ್ಟಲೇ ಇಲ್ಲ. ಕೊನೆಗೆ ಬೋಲ್ಟ್ ಎಲ್ಲ ಬಿಗಿ ಮಾಡಿ, ಒಳಗಿನ ಲಿವರ್ ಎಳೆದು ಲಾಕ್ ಬಿಟ್ಟರೂ ಬಾನೆಟ್ ಪೂರ್ತಿ ತೆರೆಯದಂತೆ ತಡೆಯುವ ಎರಡನೇ ಕೊಕ್ಕೆ ಹಿಡಿಯುತ್ತಾ ನೋಡಿದೆ. ಹಿಡಿಯಿತು. ಖರ್ಚು ಸೊನ್ನೆ, ತಮ್ಮನಿಗೆ ಕೊಡಿಸಿದ ಮಸಾಲೆ ದೋಸೆ ಬಿಟ್ಟು.