ಮೆಡಿಕಲ್ ತಾರೀಖು ಮತ್ತು ಗೋಡೆಯ ಕ್ಯಾಲೆಂಡರ್

ಮಾರ್ಚ್ ತಿಂಗಳ ಒಂದು ಬೆಳಗ್ಗೆ. ಕಲಬುರಗಿ ಏರ್‌ಪೋರ್ಟ್ ಇರುವ ಶ್ರೀನಿವಾಸ ಸರಡಗಿಯಲ್ಲಿ ಏಳೂವರೆಗೇ ಬಿಸಿಲು ಚುರುಕು. ಅಲ್ಲಿನ ಫ್ಲೈಯಿಂಗ್ ಸ್ಕೂಲಿನಲ್ಲಿ ನಾನು ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರಕ್ಟರ್. ನನ್ನ ವಿದ್ಯಾರ್ಥಿ ಆಗಲೇ ವಿಮಾನದ ಸುತ್ತ ಒಂದು ಸುತ್ತು ಹಾಕಿ ಆಯಿಲ್, ಟೈರು ಎಲ್ಲ ನೋಡಿ ಬಂದಿದ್ದ. ಕಾಗದಪತ್ರ ತಿರುವುತ್ತಿದ್ದ ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ನನ್ನ ಮೆಡಿಕಲ್ ಹಾಳೆಯ, ಅಂದರೆ ಹಾರಲು ಆರೋಗ್ಯ ಸರಿ ಇದೆ ಅನ್ನುವ ಸರ್ಟಿಫಿಕೇಟಿನ, ಮೇಲೆ ಬೆರಳಿಟ್ಟರು. "ಇದು ಮೊನ್ನೆಗೇ ಮುಗಿದದಲ್ಲೋ."

"ಇಲ್ಲ ಸರ್, ಇನ್ನೂ ಮೂರು ವಾರ ಅದ" ಅಂದೆ, ಜೋರಾಗಿಯೇ. ಇರಲಿಲ್ಲ.

ಅಕ್ಕನ ಕುಬಸ ಅಂತ ಆ ಎರಡು ದಿನ ನಾನು ರಜೆಯಲ್ಲಿದ್ದೆ. ಇಲ್ಲದಿದ್ದರೆ ಮೆಡಿಕಲ್ ಇಲ್ಲದೆ ಹಾರಿದ ಹಾಗೆ ಆಗುತ್ತಿತ್ತು. ಲೈಸೆನ್ಸ್ ಜೇಬಿನಲ್ಲಿದ್ದರೂ ಮೆಡಿಕಲ್ ಮುಗಿದ ದಿನ ಅದು ಬರೀ ಕಾರ್ಡು, ಅಲ್ವಾ? ಆಮೇಲಿನ ದಿನಗಳಲ್ಲಿ ನಾನು ಕ್ಲಾಸ್‌ರೂಮಿನಲ್ಲಿ ಹವಾಮಾನದ ಪಾಠ ಮಾಡುತ್ತಾ, ಕಿಟಕಿಯಿಂದ ಬೇರೆಯವರು ಟೇಕಾಫ್ ಆಗುವುದನ್ನು ನೋಡುತ್ತಾ ಕೂತೆ. ನನಗೆ ಸಂಬಳ ಬರುವುದು ಹಾರಿದ ಗಂಟೆಗಳ ಲೆಕ್ಕದಲ್ಲಿ. ಹಾಗಾಗಿ ಆ ತಿಂಗಳು ಜೇಬು ಹಗುರ.

ತಪ್ಪು ಎಲ್ಲಾಯಿತು ಅಂತ ಹುಡುಕಿದೆ. ತುಂಬಾ ಸಣ್ಣ ತಪ್ಪು. ಮೆಡಿಕಲ್ ಅಂದರೆ ಎರಡು ಹಂತ. ಮೊದಲು ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಒಪ್ಪಿದ ಡಾಕ್ಟರು ಪರೀಕ್ಷೆ ಮಾಡಿ ಅದರ ಇಜಿಸಿಎ ಪೋರ್ಟಲ್ಲಿನಲ್ಲಿ ರಿಪೋರ್ಟ್ ಹಾಕುತ್ತಾರೆ. ಡಿಜಿಸಿಎ ಅದನ್ನು ನೋಡಿ ಸಿಎ-35 ಅನ್ನುವ ಹಾಳೆ ಕೊಡುತ್ತದೆ. ಹೋದ ಸಲ ಈ ಎರಡರ ನಡುವೆ ಮೂರು ವಾರ ಕಳೆದಿತ್ತು. ನಾನು ಹಾಳೆ ಬಂದ ದಿನದಿಂದ ಹನ್ನೆರಡು ತಿಂಗಳು ಎಣಿಸಿ ಫೋನಿನಲ್ಲಿ ಹಾಕಿಕೊಂಡಿದ್ದೆ. ಎಣಿಸಬೇಕಾದ್ದು ಪರೀಕ್ಷೆ ಆದ ದಿನದಿಂದ. ಅಷ್ಟಕ್ಕೂ ಕೊನೆಯ ದಿನ ಹಾಳೆಯಲ್ಲೇ ಅಚ್ಚಾಗಿತ್ತು. ನಾನು 'ಫಿಟ್' ಅನ್ನುವ ಪದ ಓದಿ ಖುಷಿಯಾಗಿ ಮಡಚಿಟ್ಟಿದ್ದೆ, ಅಷ್ಟೆ.

ನನ್ನ ವಯಸ್ಸಿಗೆ ಕ್ಲಾಸ್ 1 ಮೆಡಿಕಲ್ (ಸಂಬಳಕ್ಕೆ ಹಾರುವ ಪೈಲಟ್‌ಗಳದ್ದು) 12 ತಿಂಗಳು ನಡೆಯುತ್ತದೆ. 60 ದಾಟಿದವರಿಗೆ 6 ತಿಂಗಳು ಮಾತ್ರ. ನಮ್ಮ ಹಿರಿಯರು ಆ ಲೆಕ್ಕದವರು. ವರ್ಷಕ್ಕೆರಡು ಸಲ ಡಾಕ್ಟರ ಮುಂದೆ ಅಂಗಿ ಬಿಚ್ಚಿ ನಿಲ್ಲುವ ಮನುಷ್ಯನಿಗೆ ತಾರೀಖಿನ ಬೆಲೆ ಗೊತ್ತಿರುತ್ತದೆ. ಅವರೇ ಹೇಳಿಕೊಟ್ಟರು: "ಮುಗಿಯೋ ದಿನ ಬರೀಬ್ಯಾಡ. ಅಲ್ಲಿಂದ ಹಿಂದಕ್ಕೆ ಎಣಿಸಿ, ಕೆಲಸ ಶುರು ಮಾಡೋ ದಿನ ಬರಿ."

ಈಗ ನಾನು ಹಾಗೇ ಮಾಡುತ್ತೇನೆ. ಹಾಳೆಯ ಕೊನೆಯ ದಿನದಿಂದ ಅರವತ್ತು ದಿನ ಹಿಂದಕ್ಕೆ ಹೋಗುತ್ತೇನೆ. ಅವತ್ತು ಮನೆಯಲ್ಲೇ ಬಿಪಿ, ತೂಕ ನೋಡಿಕೊಳ್ಳುವುದು, ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳುವುದು. ಬಿಪಿ ಜಾಸ್ತಿ ಬಂದರೆ ಸರಿಪಡಿಸಲು ಟೈಮ್ ಇರುತ್ತದೆ. ಪರೀಕ್ಷೆಯ ದಿನವೇ ಗೊತ್ತಾದರೆ 'ಟೆಂಪರರಿ ಅನ್‌ಫಿಟ್' ಅಂತ ಬರೆದಾರು. ಅದು ನಮ್ಮವರ ಬಾಯಲ್ಲಿ ಬರೀ 'ಟಿಯು'. ಪೈಲಟ್‌ಗಳಿಗೆ ಆ ಎರಡಕ್ಷರ ಕೇಳಿದರೆ ಊಟ ಸೇರುವುದಿಲ್ಲ.

ಮೊದಲ ಮೆಡಿಕಲ್ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಆಗಿತ್ತು. ರಿನೀವಲ್‌ಗೆ ಹೈದರಾಬಾದಿಗೆ ಹೋಗುತ್ತೇನೆ. ವಾಡಿ, ತಾಂಡೂರು ದಾಟಿದರೆ ಬಂದೇ ಬಿಟ್ಟಿತು. ರೈಲು ತಡವಾಗುವುದನ್ನೂ ಲೆಕ್ಕಕ್ಕೆ ಹಿಡಿದು ಹಿಂದಿನ ದಿನವೇ ಹೋಗಿ ಮಲಗುವುದು ವಾಸಿ. ರಾತ್ರಿಯಿಡೀ ನಿದ್ದೆಗೆಟ್ಟು ಹೋದರೆ ಬಿಪಿ ಮಾತು ಕೇಳುವುದಿಲ್ಲ.

ಒಂದು ಸಲ ಲ್ಯಾಬಿನಲ್ಲೇ ಸಿಕ್ಕಿಬಿದ್ದೆ. ರಕ್ತದ ರಿಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್ ಹಾಕಿ ಮುಗಿಸಿದ್ದರು. ಪೋರ್ಟಲ್ಲಿನಲ್ಲಿ ಇದ್ದದ್ದು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಪೂರ್ತಿ ಹೆಸರು: ನಂದು, ಅಪ್ಪಂದು, ಆಮೇಲೆ ಮನೆತನದ್ದು. ನಮ್ಮ ಕಡೆಯವರ ಹೆಸರು ಒಂದು ಕಾಗದದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದು ಅಪರೂಪ, ಬಿಡಿ. ಮತ್ತೆ ಹೋಗಿ ತಿದ್ದಿಸಿಕೊಂಡು ಬರಲು ಒಂದು ದಿನ ಹೋಯಿತು. ಈಗ ಲ್ಯಾಬಿನ ಕೌಂಟರಿನಲ್ಲಿ ಬಾಯಲ್ಲಿ ಹೆಸರು ಹೇಳುವುದೇ ಇಲ್ಲ, ಕಾರ್ಡು ತೋರಿಸುತ್ತೇನೆ. ಕನ್ನಡಕದವನಾದ್ದರಿಂದ ಎರಡನೇ ಜೊತೆ ಕನ್ನಡಕವೂ ಚೀಲದಲ್ಲಿ ಇರುತ್ತದೆ. ಹಾರುವಾಗ ಹಾಕಿಕೊಂಡೇ ಇರಬೇಕು, ಇನ್ನೊಂದು ಜೊತೆ ಕೈಗೆ ಸಿಗುವಂತಿರಬೇಕು ಅನ್ನುವುದು ನನ್ನ ಮೆಡಿಕಲ್ಲಿನ ಷರತ್ತು.

ದೊಡ್ಡ ಕಷ್ಟ ಬೇರೆಯೇ ಇದೆ. ನನ್ನ ಮೆಡಿಕಲ್ ಬರುವುದೇ ಜಾತ್ರೆಯ ಸುಮಾರಿಗೆ. ಹೋಳಿ ಮುಗಿದು ಐದನೇ ದಿನ ಶರಣಬಸವೇಶ್ವರರ ತೇರು. ಆಮೇಲೆ ಜಾತ್ರೆ ನಡೆದೇ ಇರುತ್ತದೆ, ಮಾಲ್ಪುರಿ ಕರಿಯುತ್ತಲೇ ಇರುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ ಒಂದು ಸಲ ನೋಡುತ್ತಾರೆ, ಊಟದ ಮೇಲೆ ಮತ್ತೊಂದು ಸಲ. ಕೊಲೆಸ್ಟ್ರಾಲ್ ಬೇರೆ. ಹಾಗಾಗಿ ನಾನು ಪರೀಕ್ಷೆಯನ್ನು ಹೋಳಿಗೆ ಮುಂಚೆಯೇ ಇಟ್ಟುಕೊಳ್ಳುತ್ತೇನೆ, ಜಾತ್ರೆಗೆ ನೆಮ್ಮದಿಯಾಗಿ ಹೋಗುತ್ತೇನೆ.

ಹೊಸ ಸಿಎ-35 ಬಂದ ದಿನವೇ ಅದರ ಮೇಲಿನ ಎರಡೂ ತಾರೀಖು (ಪರೀಕ್ಷೆ ಆದದ್ದು, ಮುಗಿಯುವುದು) ಜೋರಾಗಿ ಓದಿ, ಕೆಲಸ ಶುರು ಮಾಡುವ ದಿನವನ್ನು ಮೂರು ಕಡೆ ಬರೆಯುತ್ತೇನೆ. ಒಂದು ಫೋನು. ಒಂದು ಲಾಗ್‌ಬುಕ್ಕಿನ ಒಳರಟ್ಟು. ಮೂರನೆಯದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಫೋನಿನ ಗಂಟೆಯನ್ನು ನಿದ್ದೆಗಣ್ಣಲ್ಲಿ ಸುಮ್ನೆ ಬೆರಳಾಡಿಸಿ ಓಡಿಸಿಬಿಡಬಹುದು. ಗೋಡೆಯ ಮೇಲಿರುವುದನ್ನು ದಿನಕ್ಕೆ ಹತ್ತು ಸಲ ನೋಡುವವರು ಅಮ್ಮ. ಹಾಲಿನ ಲೆಕ್ಕ, ಸಿಲಿಂಡರ್ ಬುಕ್ ಮಾಡಿದ ದಿನ, ಅದರ ನಡುವೆ ನನ್ನ ಮೆಡಿಕಲ್. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತೂಗುಹಾಕುವ ಮುಂಚೆ ಹಳೆಯದರ ಕೊನೆಯ ಪುಟದಿಂದ ಎಲ್ಲ ತಾರೀಖೂ ಹೊಸದಕ್ಕೆ ಇಳಿಸುವುದು ಈಗ ಅವರದೇ ಕೆಲಸ.

ಈ ವರ್ಷ ನಾನು ಕೆಂಪು ಪೆನ್ನಿನಲ್ಲಿ 'ಬಿಪಿ, ತೂಕ' ಅಂತಷ್ಟೇ ಬರೆದಿದ್ದೆ. ಮೊನ್ನೆ ನೋಡಿದರೆ ಅದರ ಕೆಳಗೆ ಅಮ್ಮನ ಅಕ್ಷರ: 'ಇಂದಿನಿಂದ ಭಜಿ ಬಂದ್.'