ಎಂಡೊಮೆಟ್ರಿಯೋಸಿಸ್ ನೋವಿಗೆ ಗೋಧಿ ಬಿಡಬೇಕೆ? ಮನೆಯಲ್ಲೇ ಪರೀಕ್ಷಿಸಿ ನೋಡುವ ಕ್ರಮ

ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಷ್ಟು ನೋವು, ಉಬ್ಬಿ ಬಿಗಿಯುವ ಹೊಟ್ಟೆ, ಶೌಚಕ್ಕೆ ಕೂತಾಗ ಚುಚ್ಚಿದಂತಾಗುವುದು, ಲೈಂಗಿಕ ಮಿಲನದ ವೇಳೆ ಯಾತನೆ, ತಿಂಗಳಿಡೀ ಬಿಡದ ಸುಸ್ತು. ಎಂಡೊಮೆಟ್ರಿಯೋಸಿಸ್ ಇರುವ ಹೆಣ್ಣುಮಕ್ಕಳು ಇಷ್ಟನ್ನೆಲ್ಲ ಹೊತ್ತುಕೊಂಡೇ ಕೆಲಸಕ್ಕೆ ಹೋಗುತ್ತಾರೆ, ಮನೆ ನಡೆಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಾದ್ಯಂತ 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತನ್ನು ಅವರು ಕೇಳಿ ಕೇಳಿ ಬಳಲಿದ್ದಾರೆ. ಈಚೆಗೆ ಅದರ ಜೊತೆಗೆ ಇನ್ನೊಂದು ಸಲಹೆ ಸೇರಿಕೊಂಡಿದೆ: ‘ಗೋಧಿ ಬಿಟ್ಟುಬಿಡು, ನೋವು ಹೋಗುತ್ತದೆ.’

ಈ ಸಲಹೆಯನ್ನು ತಳ್ಳಿಹಾಕಬೇಕಿಲ್ಲ, ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕರುಳಿನ ಹೊರಮೈ ಮುಂತಾದ ಕಡೆ ಬೆಳೆದು ಉರಿಯೂತ ಉಂಟುಮಾಡುವುದೇ ಈ ಕಾಯಿಲೆ. ಬೆಳೆದ ಅಂಗಾಂಶವನ್ನು ಯಾವ ಊಟವೂ ಕರಗಿಸುವುದಿಲ್ಲ. ಆದರೆ ಹೊಟ್ಟೆಯುಬ್ಬರ, ಮಲಬದ್ಧತೆ, ಸುಸ್ತು, ಕೆಲವರಲ್ಲಿ ನೋವು ಸಹ ಊಟದ ಬದಲಾವಣೆಯಿಂದ ತಗ್ಗುವುದುಂಟು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಬಗ್ಗೆ ಹೆಚ್ಚಾಗಿ ಉಲ್ಲೇಖವಾಗುವುದು 2012ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ. 207 ಮಹಿಳೆಯರು 12 ತಿಂಗಳು ಗ್ಲುಟೆನ್ ಬಿಟ್ಟರು. ಅವರಲ್ಲಿ ಶೇ 75ರಷ್ಟು ಮಂದಿ ನೋವು ಕಡಿಮೆಯಾಯಿತು ಎಂದರು. ಕೇಳಲು ದೊಡ್ಡ ಸಂಖ್ಯೆ. ಆದರೆ ಹೋಲಿಸಿ ನೋಡಲು ಗೋಧಿ ತಿನ್ನುತ್ತಲೇ ಇದ್ದ ಇನ್ನೊಂದು ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ಯುರೋಪಿನ ಮಾನವ ಸಂತಾನೋತ್ಪತ್ತಿ ಮತ್ತು ಭ್ರೂಣಶಾಸ್ತ್ರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಯಾವ ನಿರ್ದಿಷ್ಟ ಆಹಾರಕ್ರಮವನ್ನೂ ಶಿಫಾರಸು ಮಾಡದಿರುವುದಕ್ಕೆ ಇಂಥ ಪುರಾವೆಯ ಕೊರತೆಯೇ ಕಾರಣ.

ಹಾಗಾದರೆ ನಿಮ್ಮ ದೇಹಕ್ಕೆ ಇದು ಒಗ್ಗುತ್ತದೆಯೇ ಎಂದು ತಿಳಿಯುವುದು ಹೇಗೆ? ಲೆಕ್ಕವಿಟ್ಟು ಪರೀಕ್ಷಿಸಬೇಕು. ಮಂಡ್ಯ, ಮೈಸೂರಿನವರಿಗೆ ಇದು ಕಷ್ಟವಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅಕ್ಕಿಯಲ್ಲಿ ಇಲ್ಲ, ಜೋಳ, ನವಣೆ, ಸಾಮೆಯಲ್ಲೂ ಇಲ್ಲ. ಅದು ಇರುವುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ. ಸೂಪರ್ ಮಾರ್ಕೆಟ್ಟಿನ ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತು, ಬ್ರೆಡ್ಡುಗಳಿಗೆ ಹಣ ಸುರಿಯಬೇಡಿ. ಅವುಗಳಲ್ಲಿ ಹಲವು ಪಿಷ್ಟ ಮತ್ತು ಸಕ್ಕರೆಯೇ ಹೆಚ್ಚಾಗಿ, ನಾರು ಕಡಿಮೆಯಾಗಿರುವ ತಿನಿಸುಗಳು.

ಬಿಡುವ ಮೊದಲು ರಕ್ತಪರೀಕ್ಷೆ

ಗೋಧಿ ಬಿಟ್ಟ ಮೇಲೆ ಈ ಪರೀಕ್ಷೆ ಮಾಡಿಸಿದರೆ ಪ್ರಯೋಜನವಿಲ್ಲ. ಆದ್ದರಿಂದ ಇದೇ ಮೊದಲ ಹೆಜ್ಜೆ. ಗ್ಲುಟೆನ್‌ನಿಂದ ಕರುಳಿಗೇ ಹಾನಿಯಾಗುವ ಸಿಲಿಯಾಕ್ ಎಂಬ ಕಾಯಿಲೆ ಇದೆ. ಅದನ್ನು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆಯಿಂದ ಗುರುತಿಸಬಹುದು, ಆದರೆ ಪರೀಕ್ಷೆಯ ಹೊತ್ತಿಗೆ ನೀವು ನಿತ್ಯ ಗೋಧಿ ತಿನ್ನುತ್ತಿರಬೇಕು. ಬಿಟ್ಟು ಕೆಲವು ವಾರ ಕಳೆದಿದ್ದರೆ ಕಾಯಿಲೆ ಇದ್ದರೂ ಫಲಿತಾಂಶ ‘ಇಲ್ಲ’ ಎಂದು ಬರಬಹುದು. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರಕ್ಕಿಂತ ಬಹಳ ಕಡಿಮೆ ನಿಜ, ಆದರೂ ಇರುವವರು ಜೀವನಪರ್ಯಂತ ಗ್ಲುಟೆನ್ ಬಿಡಬೇಕಾಗುವುದರಿಂದ ಖಚಿತಪಡಿಸಿಕೊಳ್ಳಲೇಬೇಕು. ಅದೇ ವೇಳೆಗೆ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ರಕ್ತಸ್ರಾವ ಹೆಚ್ಚಿರುವವರ ಸುಸ್ತಿಗೆ ಕಬ್ಬಿಣಾಂಶದ ಕೊರತೆಯೇ ಕಾರಣವಾಗಿರುವುದು ಸಾಮಾನ್ಯ.

ತೂಕ ತೀರಾ ಕಡಿಮೆ ಇರುವವರು, ಇನ್ನೂ ಬೆಳೆಯುವ ವಯಸ್ಸಿನ ಹುಡುಗಿಯರು, ಗರ್ಭಿಣಿಯರು, ಹಿಂದೆ ಊಟ ಬಿಟ್ಟು ನರಳಿದವರು ಪಥ್ಯತಜ್ಞರ ಜೊತೆಯಿಲ್ಲದೆ ಯಾವ ಆಹಾರವನ್ನೂ ಬಿಡಬಾರದು.

ಎರಡು ಮುಟ್ಟಿನ ಲೆಕ್ಕ

ಈಗಿನ ಊಟವನ್ನೇ ಮುಂದುವರಿಸುತ್ತ ಎರಡು ಮುಟ್ಟು ಕಳೆಯುವವರೆಗೆ ಒಂದು ನೋಟ್‌ಪುಸ್ತಕದಲ್ಲಿ ದಿನವೂ ಬರೆಯಿರಿ. ಮುಟ್ಟು ಶುರುವಾಗಿ ಎಷ್ಟನೇ ದಿನ, 0ಯಿಂದ 10ರವರೆಗಿನ ಅಳತೆಯಲ್ಲಿ ನೋವೆಷ್ಟು, ಹೊಟ್ಟೆಯುಬ್ಬರ ಇತ್ತೇ, ಮಲವಿಸರ್ಜನೆ ಹೇಗಿತ್ತು, ನೋವಿನ ಮಾತ್ರೆ ಎಷ್ಟು ನುಂಗಿದಿರಿ. ಅಷ್ಟು ಸಾಕು. ನೋವು ತಿಂಗಳಿಂದ ತಿಂಗಳಿಗೆ ತಾನಾಗಿಯೇ ಏರಿಳಿಯುತ್ತದೆ. ಈ ಲೆಕ್ಕವಿಲ್ಲದಿದ್ದರೆ ತಾನಾಗಿ ಇಳಿದದ್ದೂ ಗೋಧಿ ಬಿಟ್ಟದ್ದರ ಫಲವೆಂದೇ ಕಾಣುತ್ತದೆ.

ಗೋಧಿ ಎಲ್ಲೆಲ್ಲಿ ಅಡಗಿದೆ

ನಂತರ ಮೂರು ಮುಟ್ಟು ಕಳೆಯುವವರೆಗೆ ಗ್ಲುಟೆನ್ ಬಿಡಿ. ಚಪಾತಿ, ಪೂರಿ, ಬ್ರೆಡ್ಡು, ಬಿಸ್ಕತ್ತು ಎಲ್ಲರಿಗೂ ಗೊತ್ತಿರುವುವು. ಕೈತಪ್ಪುವುದು ಬೇರೆ ಕಡೆ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ರವೆ ದೋಸೆ ಇವೆಲ್ಲ ಗೋಧಿಯೇ. ಮದ್ದೂರು ವಡೆಯಲ್ಲಿ ರವೆಯೂ ಇದೆ, ಮೈದಾ ಸಹ ಇದೆ. ಬೆಂಗಳೂರು–ಮೈಸೂರು ರೈಲಿನಲ್ಲಿ ಬುಟ್ಟಿ ಹತ್ತಿರ ಬಂದಾಗ ನೆನಪಿರಲಿ. ಹೋಳಿಗೆಯ ಕಣಕ ಮೈದಾ ಅಥವಾ ಚಿರೋಟಿ ರವೆಯದು. ಅಂಗಡಿಯ ಕೋಡುಬಳೆ, ನಿಪ್ಪಟ್ಟಿಗೂ ಮೈದಾ ಬೆರೆಸುವುದುಂಟು. ಗೋಬಿ ಮಂಚೂರಿಯ ಮೇಲ್ಹಿಟ್ಟಿನಲ್ಲಿ ಮೈದಾ, ಅದರ ಸೋಯಾ ಸಾಸಿನಲ್ಲಿ ಗೋಧಿ. ಮಸಾಲೆದೋಸೆ ಅಕ್ಕಿ ಮತ್ತು ಉದ್ದಿನದೇ ಆದರೂ ಗರಿಗರಿಯಾಗಲೆಂದು ಹಿಟ್ಟಿಗೆ ಚಿರೋಟಿ ರವೆ ಸೇರಿಸುವ ಹೋಟೆಲುಗಳಿವೆ. ಕೇಳಿ ತಿನ್ನಿ, ಸಂಕೋಚ ಬೇಡ. ‘ರಾಗಿ ಶಾವಿಗೆ’ ಎಂದು ಬರೆದ ಕೆಲವು ಪೊಟ್ಟಣಗಳಲ್ಲಿ ಗೋಧಿಯೂ ಇರುತ್ತದೆ, ಹಿಂಬದಿಯ ಪಟ್ಟಿ ಓದಿ. ಡಬ್ಬಿಯ ಇಂಗಿಗೂ ಗೋಧಿ ಹಿಟ್ಟು ಬೆರೆಸಿರಬಹುದು; ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಬಾರ್ಲಿ ಮಾಲ್ಟಿನ ಪೇಯಗಳನ್ನು ಬಿಡಬೇಕು, ಮೊಳಕೆ ರಾಗಿಯಿಂದ ಮನೆಯಲ್ಲೇ ಮಾಡಿದ ರಾಗಿ ಮಾಲ್ಟಿಗೆ ಅಡ್ಡಿಯಿಲ್ಲ. ಮೈಸೂರು ಪಾಕ್ ಕಡಲೆಹಿಟ್ಟಿನದು, ಅದರಲ್ಲಿ ಗ್ಲುಟೆನ್ ಇಲ್ಲ.

ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಅಲ್ಪಸ್ವಲ್ಪ ಸೇರಿಕೊಳ್ಳುತ್ತದೆ. ಸಿಲಿಯಾಕ್ ಇರುವವರು ಇಷ್ಟನ್ನೂ ತಪ್ಪಿಸಬೇಕು. ಉಳಿದವರು ಈ ಪರೀಕ್ಷೆಗಾಗಿ ಅಷ್ಟು ಕಟ್ಟುನಿಟ್ಟು ಮಾಡಬೇಕಾಗಿಲ್ಲ.

ಬಿಟ್ಟ ಜಾಗದಲ್ಲಿ ಏನು

ಅನೇಕರು ಎಡವುವುದು ಇಲ್ಲಿ. ಸಕ್ಕರೆ ಕಾಯಿಲೆಯ ಭಯದಿಂದ ರಾತ್ರಿಗೆ ಚಪಾತಿ ರೂಢಿಸಿಕೊಂಡ ಮನೆಗಳಲ್ಲಿ ಅದನ್ನು ಬಿಟ್ಟ ಕೂಡಲೇ ಮೂರು ಹೊತ್ತೂ ಬಿಳಿ ಅನ್ನವಾಗುತ್ತದೆ. ನಾರು ಇಳಿದು ಮಲಬದ್ಧತೆ ಹೆಚ್ಚುತ್ತದೆ, ಮಲಬದ್ಧತೆ ಹೆಚ್ಚಿದರೆ ಕಿಬ್ಬೊಟ್ಟೆಯ ನೋವೂ ಏರುತ್ತದೆ. ದಿನಕ್ಕೆ ಒಂದು ಹೊತ್ತಾದರೂ ರಾಗಿ ಇರಲಿ: ಮುದ್ದೆ, ರೊಟ್ಟಿ, ಹುರಿಹಿಟ್ಟು, ಯಾವುದಾದರೂ ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಹೊಸದಾಗಿ ಶುರುಮಾಡುವವರು ಚಿಕ್ಕ ಮುದ್ದೆಯಿಂದ ಆರಂಭಿಸಿ, ನೀರು ಹೆಚ್ಚು ಕುಡಿಯಿರಿ.

ಮುದ್ದೆಯ ಜೊತೆಗೆ ಸೊಪ್ಪಿನ ಸಾರು, ಉಪ್ಸಾರು, ಬಸ್ಸಾರು. ಇವು ಈ ಕಾಯಿಲೆಯವರಿಗೆ ಒಳ್ಳೆಯ ಊಟವೆಂದೇ ನನ್ನ ಗಟ್ಟಿ ಅಭಿಪ್ರಾಯ, ಆದರೆ ಕಾಳಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಹುರುಳಿ, ಅವರೆ, ಅಲಸಂದೆಯಲ್ಲಿ ಹೊಟ್ಟೆಯುಬ್ಬರ ತರುವ ಒಂದು ಬಗೆಯ ಸಕ್ಕರೆಯಂಶ ಇದೆ. ಅದು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ. ಬೇಯಿಸಿದ ನೀರಿಗೂ ಅದು ಇಳಿಯುತ್ತದೆ, ಅಂದರೆ ಬಸಿದ ಕಟ್ಟಿನಲ್ಲಿ ಅದು ಇದ್ದೇ ಇರುತ್ತದೆ. ಮುಟ್ಟಿಗೆ ಮುಂಚಿನ ಉಬ್ಬರದ ದಿನಗಳಲ್ಲಿ ಕಟ್ಟಿನ ಸಾರು ಮನೆಯವರಿಗಿರಲಿ, ಬಸಿದ ಕಾಳಿನ ಪಲ್ಯ ಸ್ವಲ್ಪ ನಿಮಗೆ. ಬೆಳ್ಳುಳ್ಳಿಗೂ ಇಂಥದೇ ಉಪಾಯವಿದೆ: ಜಜ್ಜಿದ ಎಸಳನ್ನು ಎಣ್ಣೆಯಲ್ಲಿ ಹುರಿದು, ಘಮ ಬಿಟ್ಟ ಮೇಲೆ ಎಸಳು ತೆಗೆದು ಒಗ್ಗರಣೆ ಮುಂದುವರಿಸಿ. ಅದರಲ್ಲಿರುವ, ಉಬ್ಬರ ತರುವ ಫ್ರಕ್ಟಾನ್ ಎಂಬ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ, ರುಚಿ ಮಾತ್ರ ಉಳಿಯುತ್ತದೆ.

ಅಮೆರಿಕದ ದಾದಿಯರನ್ನು ಬಹುವರ್ಷ ಅನುಸರಿಸಿದ ದೊಡ್ಡ ಅಧ್ಯಯನದಲ್ಲಿ ಒಮೆಗಾ-3 ಕೊಬ್ಬು ಹೆಚ್ಚು ತಿಂದವರಲ್ಲಿ ಎಂಡೊಮೆಟ್ರಿಯೋಸಿಸ್ ಪತ್ತೆಯಾದದ್ದು ಕಡಿಮೆ, ಟ್ರಾನ್ಸ್ ಕೊಬ್ಬು ಹೆಚ್ಚು ತಿಂದವರಲ್ಲಿ ಜಾಸ್ತಿ ಎಂದು ಕಂಡುಬಂದಿತ್ತು. ಇದು ಸಂಬಂಧವನ್ನಷ್ಟೇ ತೋರಿಸುತ್ತದೆ, ಆದರೂ ಅನುಸರಿಸಿದರೆ ನಷ್ಟವಿಲ್ಲ. ಮೀನು ತಿನ್ನುವವರಿಗೆ ಕರಾವಳಿಯಿಂದ ಬರುವ ಬೂತಾಯಿ, ಬಂಗುಡೆ ಸೊಗಸು. ತಿನ್ನದವರು ಅಗಸೆ ಬೀಜವನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಕರಿಬೇವು, ಹುಣಸೆ, ಉಪ್ಪಿನೊಂದಿಗೆ ಪುಡಿ ಮಾಡಿಟ್ಟುಕೊಳ್ಳಿ, ದಿನವೂ ಒಂದು ಚಮಚ ಊಟಕ್ಕೆ. ಬೇಕರಿಯ ಪಫ್, ವನಸ್ಪತಿಯಲ್ಲಿ ಮಾಡಿದ ಸಿಹಿ ಕಡಿಮೆಯಾಗಲಿ. ಕಬ್ಬಿಣಾಂಶಕ್ಕೆ ಸೊಪ್ಪು, ಕಾಳು ತಿನ್ನುವಾಗ ನಿಂಬೆರಸ ಹಿಂಡಿ, ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಹಾಲು, ಮೊಸರು ಬಿಡುವ ಕಾರಣವಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದೇ ಇಲ್ಲ.

ಮಾತ್ರೆ ನಿಲ್ಲಿಸಬೇಡಿ

ವೈದ್ಯರು ಕೊಟ್ಟ ಹಾರ್ಮೋನು ಮಾತ್ರೆ, ನೋವಿನ ಮಾತ್ರೆ ಮೊದಲಿನಂತೆಯೇ ನಡೆಯಲಿ. ನೋವಿನ ಮಾತ್ರೆಯನ್ನು ಊಟದ ನಂತರವೇ ನುಂಗಿ. ಮೂತ್ರ ಅಥವಾ ಮಲದಲ್ಲಿ ರಕ್ತ, ಹಠಾತ್ತನೆ ತಾಳಲಾಗದ ನೋವು, ಜ್ವರ, ತಲೆಸುತ್ತಿ ಬೀಳುವಂಥ ರಕ್ತಸ್ರಾವ ಕಂಡರೆ ಊಟದ ಪರೀಕ್ಷೆಯನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಸ್ತ್ರೀರೋಗ ವಿಭಾಗವಿದೆ. ಹೋಗುವಾಗ ನೋಟ್‌ಪುಸ್ತಕ ಕೈಯಲ್ಲಿರಲಿ. ‘ಹೊಟ್ಟೆನೋವು ಸರ್’ ಎಂಬ ಒಂದು ಮಾತಿಗಿಂತ ನಾಲ್ಕೈದು ತಿಂಗಳ ಬರವಣಿಗೆ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಮತ್ತೆ ತಿಂದು ನೋಡಿ

ಈ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮೂರು ಮುಟ್ಟು ಕಳೆದ ಮೇಲೆ, ಸಿಲಿಯಾಕ್ ಇಲ್ಲವೆಂದು ಖಚಿತವಾಗಿರುವವರು ಒಂದು ವಾರ ದಿನಕ್ಕೆರಡು ಚಪಾತಿ ತಿನ್ನಿ, ಬೇರೇನನ್ನೂ ಬದಲಿಸಬೇಡಿ. ಉಬ್ಬರವೂ ನೋವೂ ಮರಳಿದರೆ ಗೋಧಿ ನಿಮಗೆ ಒಗ್ಗುತ್ತಿಲ್ಲ. ಆದರೂ ತಪ್ಪು ಗ್ಲುಟೆನ್‌ನದೇ ಎಂದು ಹೇಳಲಾಗದು, ಏಕೆಂದರೆ ಗೋಧಿಯಲ್ಲೂ ಫ್ರಕ್ಟಾನ್ ಇದೆ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಿರುವ ಊಟದ ಮರುದಿನವೂ ಅದೇ ತೊಂದರೆ ಬರುತ್ತಿದೆ ಎಂದು ನಿಮ್ಮ ಪುಸ್ತಕ ಹೇಳಿದರೆ ಪಥ್ಯತಜ್ಞರನ್ನು ಕಂಡು ಫಾಡ್‌ಮ್ಯಾಪ್ (ಫ್ರಕ್ಟಾನ್‌ನಂತೆ ಹೊಟ್ಟೆಯುಬ್ಬರ ತರುವ ಸಕ್ಕರೆಯಂಶಗಳು) ಕಡಿಮೆಯಿರುವ ಆಹಾರಕ್ರಮದ ಬಗ್ಗೆ ಕೇಳಿ. ಎಂಡೊಮೆಟ್ರಿಯೋಸಿಸ್ ಇರುವವರ ಕರುಳಿನ ತೊಂದರೆಗೆ ಅದರಿಂದ ಅನುಕೂಲವಾದದ್ದನ್ನು ಆಸ್ಟ್ರೇಲಿಯಾದ ಸಂಶೋಧಕರು ದಾಖಲಿಸಿದ್ದಾರೆ. ಚಪಾತಿ ತಿಂದ ವಾರಕ್ಕೂ ಬಿಟ್ಟ ತಿಂಗಳುಗಳಿಗೂ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಗೋಧಿ ಬಿಡಬೇಕಾಗಿಲ್ಲ. ಬೀಗರ ಮನೆಯ ಹೋಳಿಗೆಯನ್ನು ನಿಶ್ಚಿಂತೆಯಿಂದ ತಿನ್ನಿ, ಪುಸ್ತಕ ಹಿಡಿದು ವೈದ್ಯರ ಬಳಿ ಬೇರೆ ಚಿಕಿತ್ಸೆಯ ಮಾತು ಎತ್ತಿ.